ಕೆಳಗಿನ ಮನೆಯವರು

ಡಂಡೀಯಲ್ಲಿ ನವೆಂಬರ್. ನಾಲ್ಕಕ್ಕೆಲ್ಲ ಕತ್ತಲು.
ಟೇ ನದಿಯ ಮೇಲಿಂದ ಬರುವ ಗಾಳಿಗೆ
ವ್ಯಾನಿನ ಹಿಂಬಾಗಿಲು ತಾನೇ ಬಡಿದುಕೊಳ್ಳುತ್ತದೆ.
ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು,
ಈಗ ಮಂಗಳವಾರ, ಶುಕ್ರವಾರ
ಯಾರೋ ಬೇಡವೆಂದ ಮಂಚ, ಕುರ್ಚಿ, ಕೆಟಲ್ಲು
ಬೇಕೆಂದವರ ಮೆಟ್ಟಿಲು ಹತ್ತಿಸುತ್ತೇನೆ.

ಮೊದಲ ದಿನವೇ ಐಲ್ಸಾ ಹೇಳಿದ್ದಳು:
ನಮ್ಮ ಆಶ್ರಯಧಾಮದ ವಿಳಾಸ ನಿನ್ನ ಹೆಂಡತಿಗೂ ಗೊತ್ತಾಗಕೂಡದು.
ಬಾಗಿಲು ತಟ್ಟಿ ಮೂರು ಹೆಜ್ಜೆ ಹಿಂದೆ ನಿಲ್ಲು.
ಎರಡೂ ಕೈ ಕಾಣುವ ಹಾಗಿರಲಿ.
ಮೆತ್ತಗೆ ತಟ್ಟಬೇಡ, ಜೋರಾಗಿಯೂ ಬೇಡ,
ಅಂಚೆಯವನ ಹಾಗೆ ತಟ್ಟು.
ನಾನು ನಕ್ಕೆ. ಅವಳು ನಗಲಿಲ್ಲ.

ಇವತ್ತಿನವಳು ರೋನಾ.
ಏಳು ತಿಂಗಳು ಧಾಮದ ಒಂದೇ ಕೋಣೆ,
ಆರು ಹೆಂಗಸರಿಗೆ ಒಂದು ಅಡುಗೆಮನೆ,
ಹಾಲಿನ ಬಾಟಲಿಯ ಮೇಲೂ ಹೆಸರಿನ ಚೀಟಿ.
ಏಳು ತಿಂಗಳು ಕೌನ್ಸಿಲ್ಲಿನ ಪಟ್ಟಿಯಲ್ಲಿ
ಮೇಲೆ ಹತ್ತಿ, ಕೆಳಗೆ ಜಾರಿ,
ಕೊನೆಗೊಮ್ಮೆ ಮೂರನೆಯ ಮಹಡಿ, ಎರಡು ಕೋಣೆ.
ಕೌನ್ಸಿಲ್ ಮನೆ ಕೊಡುತ್ತದೆ, ನೆಲಹಾಸು ಕೊಡುವುದಿಲ್ಲ;
ಹಿಂದಿನವರದನ್ನೂ ಕಿತ್ತು ಒಯ್ದಿದ್ದಾರೆ.
ಬರೀ ಹಲಗೆ, ಮೊಳೆಯ ತಲೆ,
ಮೂಲೆಯಲ್ಲಿ ಯಾರದೋ ಹಸಿರು ಉಣ್ಣೆಯ ಒಂದೆಳೆ.

ಅವಳು ಕೋಣೆ ನೋಡಲಿಲ್ಲ, ಬೀಗ ನೋಡಿದಳು.
ಒಳಗಿನಿಂದ. ಹೊರಗಿನಿಂದ.
ಮತ್ತೆ ಒಳಗಿನಿಂದ.
ಈ ಮನೆಗೆ ಒಟ್ಟು ಎಷ್ಟು ಕೀಲಿಕೈ, ಎಂದಳು.
ಎರಡು, ಎಂದೆ. ಎರಡೂ ನಿನ್ನ ಕೈಯಲ್ಲಿವೆ.
ಎರಡನ್ನು ಎಣಿಸಲು ಅಷ್ಟು ಹೊತ್ತು ಬೇಕೆಂದು
ನನಗೆ ಗೊತ್ತಿರಲಿಲ್ಲ.

ಮಂಚಕ್ಕೆ ಸ್ಕ್ರೂ ಬಿಗಿಯುತ್ತಿದ್ದೆ. ನನಗಲ್ಲ,
ಕಿಟಕಿಗೆ ಹೇಳುವಂತೆ ಹೇಳಿದಳು:
ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ,
ಆ ಮನೆಯ ಗೋಡೆಗೆ ಎರಡೂ ಕಡೆ ಇದ್ದವು.
ಬಾಯಿ ಇರಲಿಲ್ಲ.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ
ಅಂದುಕೊಂಡಿರಬೇಕು ಪಕ್ಕದವರು.
ಉಂಡರು. ಮಲಗಿದರು.

ಅವಳ ಮಗ ಇನ್ನೆಸ್, ಆರು ವರ್ಷ,
ಹಿಮ್ಮಡಿ ಊರದೆ ನಡೆಯುತ್ತಾನೆ.
ಹೊಸ ನೆಲದ ಒಂದೊಂದು ಹಲಗೆಯನ್ನೂ
ಕಾಲ್ಬೆರಳಿನಿಂದ ಮುಟ್ಟಿ ವಿಚಾರಿಸುತ್ತಾನೆ,
ನೀನು ಕೂಗುತ್ತೀಯಾ, ನೀನು?
ಬಾಗಿಲ ಬಳಿಯದೊಂದು ಕೂಗಿಯೇ ಬಿಟ್ಟಿತು.
ಅವನು ಅಮ್ಮನ ಮುಖ ನೋಡಿದ.
ಏನೂ ಆಗಲಿಲ್ಲ.
ಮತ್ತೊಮ್ಮೆ ತುಳಿದ. ಏನೂ ಆಗಲಿಲ್ಲ.
ಆಮೇಲೆ ಹಿಮ್ಮಡಿ.
ಆಮೇಲೆ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ
ಧಡಧಡ ಧಡಧಡ,
ಅವಳು ಶ್‌ ಎನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿದಳು.

ಕಾಲು ಗಂಟೆಯಾಗಿರಬೇಕು, ಬಾಗಿಲು ಬಡಿದರು.
ಅಂಚೆಯವನ ಬಡಿತವಲ್ಲ.
ಹುಡುಗ ಅರ್ಧ ಕಟ್ಟಿದ ಮಂಚದ ಕೆಳಗೆ.
ರೋನಾಳ ಮುಖದಲ್ಲಿ ಹನಿ ರಕ್ತವಿಲ್ಲ.
ನಾನು ಎದ್ದು ಹೊರಟವನು ನೆನಪಾಗಿ ನಿಂತೆ:
ಇದು ನನ್ನ ಬಾಗಿಲಲ್ಲ.
ಒಳಗಿದ್ದೇ ಮೂರು ಹೆಜ್ಜೆ ಹಿಂದೆ ಸರಿದೆ.

ಯಾರು?
ಕೆಳಗಿನ ಮನೆ. ಪೆಟ್ರೀ.
ಸರಪಳಿ ಬಿಡಿಸದೆ, ನಾಲ್ಕು ಬೆರಳಗಲ ತೆರೆದಳು.
ಸಂದಿಯಲ್ಲಿ ಒಬ್ಬ ಮುದುಕಿ, ಕಾಲಿಗೆ ತುಪ್ಪಳದ ಚಪ್ಪಲಿ,
ಕೈಯಲ್ಲಿ ಟಿವಿಯ ರಿಮೋಟು:
ಮೇಲೇನು ಕುದುರೆ ಕಟ್ಟಿದ್ದೀರಾ?
ಒಂದು ಮಾತು ಕಿವಿಗೆ ಬೀಳ್ತಿಲ್ಲ ನನಗೆ.
ಎಂಟರ ಮೇಲೆ ಓಡೋ ಹಾಗಿಲ್ಲ, ಹೇಳಿದ್ದೇನೆ.
ಹೆಸರು ಕೇಳಲಿಲ್ಲ. ಕಂಬಿ ಹಿಡಿದು,
ಮೆಟ್ಟಿಲಿಗೊಂದು ಬೈಗುಳದಂತೆ ಇಳಿದುಹೋದಳು.

ರೋನಾ ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತಳು.
ಭುಜ ಅಲುಗುತ್ತಿತ್ತು. ಅಳು ಎಂದುಕೊಂಡೆ.
ಬಾಯಿಗೆ ಅಡ್ಡ ಹಿಡಿದ ಕೈಯನ್ನು ಅವಳೇ ತೆಗೆದಾಗ
ನಗು, ಎಲ್ಲಿತ್ತೋ ಅಷ್ಟು,
ಬರಿಯ ಹಲಗೆಯ ಮೇಲೆ ಉರುಳಾಡಿತು.
ಕೇಳಿಸುತ್ತದಂತೆ, ಎಂದಳು.
ಇಲ್ಲಿ ಆದದ್ದೆಲ್ಲ ಅಲ್ಲಿಗೆ ಕೇಳಿಸುತ್ತದಂತೆ.

ಉಳಿದ ಕುರ್ಚಿ ತರಲು ಇಳಿದೆ.
ಗಡಿಯಾರ ನೋಡಿದೆ, ಐದು.
ಎಂಟಕ್ಕೆ ಇನ್ನೂ ಮೂರು ಗಂಟೆ ಇತ್ತು
ಕುದುರೆಗೆ.